ಆರುನೂರು ಬೆಣ್ಣೆ ಬಿಸ್ಕತ್ತು

ಬಿಸ್ಕತ್ತಿನ ಕೆಲಸಕ್ಕೆ ನನ್ನನ್ನು ಹಿಡಿದು ಹಾಕಿದ್ದು ಲಿಫ್ಟಿನಲ್ಲಿ. ನೆಲಮಹಡಿಯಿಂದ ನಾಲ್ಕನೇ ಮಹಡಿ ತಲುಪುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಅಲ್ಲಾಳಸಂದ್ರದ ಕೆರೆಯ ಹತ್ತಿರದ ಈ ಅಪಾರ್ಟ್‌ಮೆಂಟಿಗೆ ನಾನು ಬಂದು ಆಗ ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ನಾನು ಸಂಪಾದಿಸಿದ ಸ್ನೇಹವೆಂದರೆ ಲಿಫ್ಟಿನಲ್ಲಿ ಒಬ್ಬರಿಗೊಬ್ಬರು ತಲೆ ಆಡಿಸುವಷ್ಟು. ಮನೆಯಲ್ಲೇ ಹತ್ತನೇ ತರಗತಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಸಂಜೆ ಐದರಿಂದ ಎಂಟರವರೆಗೆ ನನ್ನ ಊಟದ ಮೇಜಿನ ಸುತ್ತ ತ್ರಿಕೋನಗಳೂ ವರ್ಗಸಮೀಕರಣಗಳೂ ಇರುತ್ತವೆ. ಉಳಿದ ಹೆಂಗಸರೆಲ್ಲ ಕೆಳಗಿಳಿದು ಕಲ್ಲುಬೆಂಚಿನ ಮೇಲೆ ಕೂತು ಹರಟೆ ಹೊಡೆಯುವ ಹೊತ್ತೂ ಅದೇ. ಹಾಗಾಗಿ ನಾನು ಎಲ್ಲರಿಗೂ ಗೊತ್ತಿದ್ದೆ, ಯಾರಿಗೂ ಗೊತ್ತಿರಲಿಲ್ಲ. ‘ಮ್ಯಾಥ್ಸ್ ಮೇಡಂ’ ಅಂದರೆ ನಾಲ್ಕನೇ ಮಹಡಿಯ ಒಂದು ಬಾಗಿಲು, ಅದರ ಮುಂದೆ ಹನ್ನೆರಡು ಜೊತೆ ಚಪ್ಪಲಿ, ಅಷ್ಟೇ.

ಆವತ್ತು ಲಿಫ್ಟಿನೊಳಗೆ ನನ್ನ ಹಿಂದೆಯೇ ಬಂದವರು ಎರಡನೇ ಮಹಡಿಯ ಟೀಚರ್. ಎಪ್ಪತ್ತು ದಾಟಿದ ಕ್ರೈಸ್ತ ಹೆಂಗಸು, ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ನಿವೃತ್ತಿ ಅವರ ಕೆಲಸಕ್ಕೆ ಆಗಿತ್ತೇ ಹೊರತು ಧ್ವನಿಗೆ ಆಗಿರಲಿಲ್ಲ. ಪ್ರತಿ ಡಿಸೆಂಬರಿನಲ್ಲೂ ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ ಅವರು ಬೆಣ್ಣೆ ಬಿಸ್ಕತ್ತು ಸುಟ್ಟು, ಕೆಂಪು ರಿಬ್ಬನ್ ಕಟ್ಟಿದ ಪೊಟ್ಟಣದಲ್ಲಿ ಮನೆಮನೆಗೂ ಕಳಿಸುತ್ತಿದ್ದರು. ನಕ್ಷತ್ರ, ಗಂಟೆ, ಕ್ರಿಸ್‌ಮಸ್ ಮರದ ಆಕಾರದವು. ಮಕ್ಕಳು ಅವನ್ನು ಕುಕ್ಕೀಸ್ ಅಂದರೆ ಟೀಚರಿಗೆ ಸಿಟ್ಟು ಬರುತ್ತಿತ್ತು. “ಕುಕ್ಕಿ ಅಲ್ಲ, ಬಿಸ್ಕತ್ತು ಅನ್ನು. ಎಷ್ಟು ಚೆನ್ನಾಗಿರೋ ಪದ ಇದೆ, ಬಾಯಿ ತುಂಬುತ್ತೆ” ಅನ್ನುತ್ತಿದ್ದರು.

ಆ ದಿನ ಅವರ ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿತ್ತು. ಬಾತ್‌ರೂಮಿನಲ್ಲಿ ಜಾರಿ ಬಿದ್ದರಂತೆ.

“ನಿಮಗೆ ಲೆಕ್ಕ ಬರುತ್ತಲ್ವಾ?” ಎಂದರು.

ಇಪ್ಪತ್ತು ವರ್ಷದಿಂದ ಅದರಲ್ಲೇ ಅನ್ನ ತಿನ್ನುತ್ತಿರುವವಳಿಗೆ ಈ ಪ್ರಶ್ನೆ. ಬರುತ್ತೆ ಎಂದೆ.

“ಈ ಸಲ ನನ್ನ ಕೈಲಿ ಹಿಟ್ಟು ಕಲಸೋಕಾಗಲ್ಲ. ಬೇರೆಯವರು ಕಲಸ್ತಾರೆ. ಆದ್ರೆ ನನ್ನ ಅಳತೆ ಎಲ್ಲ ಔನ್ಸ್‌ನಲ್ಲಿದೆ, ನಲವತ್ತೆಂಟು ಬಿಸ್ಕತ್ತಿಗೆ. ನಮಗೆ ಬೇಕಾಗಿರೋದು ಮುನ್ನೂರು. ಅದನ್ನ ಕಿಲೋಗೆ ತಿರುಗಿಸಿ ಒಂದು ಚೀಟಿ ಬರೆದುಕೊಡಿ. ಬೇಕಿಂಗ್ ಬರುತ್ತೇನು?”

“ಇಲ್ಲ ಟೀಚರ್, ಒಂದು ಸಲಾನೂ ಮಾಡಿಲ್ಲ.”

“ಪರವಾಗಿಲ್ಲ. ಲೆಕ್ಕ ಸರಿಯಿದ್ರೆ ಬಿಸ್ಕತ್ತು ಸರಿಯಿರುತ್ತೆ.”

ಎರಡನೇ ಮಹಡಿ ಬಂತು. ಅವರು ಇಳಿದರು. ನನ್ನ ಕೈಯಲ್ಲಿ ಅಳತೆ ಬರೆದ ಒಂದು ಹಳೇ ಪೋಸ್ಟ್‌ಕಾರ್ಡು ಉಳಿಯಿತು, ಅದರ ಮೇಲೆ ಬೆಣ್ಣೆಯ ಕಲೆ.

ಮುನ್ನೂರರ ಲೆಕ್ಕವನ್ನು ನಾನು ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿದೆ. ಮೈದಾ ಇಷ್ಟು, ಬೆಣ್ಣೆ ಇಷ್ಟು, ಸಕ್ಕರೆ ಇಷ್ಟು. ಮಾರನೇ ದಿನ ಟೀಚರ್ ಫೋನು ಮಾಡಿ, ಹಿಂದಿನ ಬ್ಲಾಕಿನವರೂ ಸೇರಿಕೊಂಡಿದ್ದಾರೆ, ಮುನ್ನೂರಲ್ಲ, ಆರುನೂರು ಎಂದರು. ಸರಿ, ಅದೇ ಹಾಳೆಯಲ್ಲಿ ಪಕ್ಕಕ್ಕೆ ಇನ್ನೊಂದು ಸಾಲು ಬರೆದು ಎಲ್ಲವನ್ನೂ ಎರಡರಿಂದ ಗುಣಿಸಿದೆ. ಆಮೇಲೆ ಅದನ್ನು ನೋಡಿಕೊಂಡು ಒಂದು ಬಿಳಿ ಹಾಳೆಯಲ್ಲಿ ದುಂಡಗೆ ಶುದ್ಧಪ್ರತಿ ಬರೆದೆ. ಮಕ್ಕಳಿಗೆ ನಾನು ದಿನವೂ ಹೇಳುವ ಮಾತು: ಕಚ್ಚಾ ಕೆಲಸದಲ್ಲಿ ತಪ್ಪಾದರೆ ತಿದ್ದಬಹುದು, ಶುದ್ಧಪ್ರತಿ ಬರೆಯುವಾಗ ತಪ್ಪಾದರೆ ದೇವರೂ ಕಾಪಾಡಲ್ಲ.

ಬೆಣ್ಣೆ ಕೊಟ್ಟವರು ಯಜಮಾನರು. ಅವರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದದ್ದು. ಈ ಅಪಾರ್ಟ್‌ಮೆಂಟು ನಿಂತಿರುವ ಜಾಗ ಹಿಂದೆ ಅವರ ದ್ರಾಕ್ಷಿ ತೋಟ. ಬಿಲ್ಡರಿಗೆ ಕೊಟ್ಟು, ಪಾಲಿಗೆ ಬಂದ ಮನೆಗಳಲ್ಲಿ ಒಂದರಲ್ಲಿ ತಾವಿದ್ದು, ಕಾಂಪೌಂಡಿನ ಹಿಂದೆ ಉಳಿದ ತುಂಡು ಜಾಗದಲ್ಲಿ ಎರಡು ಹಸು ಕಟ್ಟಿದ್ದರು. ಹೊತ್ತು ಹೋಗಲಿ ಅಂತ ಒಂದು ಸ್ಕೂಲ್ ವ್ಯಾನ್ ಇಟ್ಟುಕೊಂಡು ತಾವೇ ಓಡಿಸುತ್ತಿದ್ದರು. “ಸುಮ್ಕೆ ಕುಂತ್ರೆ ಮಂಡಿ ಇಡ್ಕಂತದೆ ಮೇಡಮ್ಮೋರೆ” ಎಂಬುದು ಅವರ ಕಾರಣ. ಅವರ ಹೆಂಡತಿ ಎರಡು ವಾರ ಕೆನೆ ಕೂಡಿಸಿ, ಕಡೆದು, ಮೂರು ಕಿಲೋದಷ್ಟು ಬೆಣ್ಣೆಯನ್ನು ಬಾಳೆಲೆ ಮುಚ್ಚಿದ ಪಾತ್ರೆಯಲ್ಲಿ ಕಳಿಸಿದ್ದರು. ಮಲ್ಲಿಗೆ ಮೊಗ್ಗಿನ ಹಾಗಿತ್ತು ಅದು. ಮುಟ್ಟಲೂ ಮನಸ್ಸಾಗುತ್ತಿರಲಿಲ್ಲ.

ಹಿಟ್ಟು ಕಲಸಿದ್ದು ನೆಲಮಹಡಿಯ ಆಪಾ, ಅಂದರೆ ಎಲ್ಲರ ಪಾಲಿನ ಅಕ್ಕ. ಮನೆಯಲ್ಲೇ ಬ್ಲೌಸು, ಚೂಡಿದಾರ್ ಹೊಲಿಯುವ ಐವತ್ತರ ಹೆಂಗಸು. ಬಾಯಲ್ಲಿ ಯಾವಾಗಲೂ ಎರಡು ಗುಂಡುಪಿನ್ನು, ಅವುಗಳ ನಡುವಿನಿಂದಲೇ ಮಾತು. ಟೀಚರ ಅಡುಗೆಮನೆಯಲ್ಲಿ ದೊಡ್ಡ ಪರಾತದ ಮುಂದೆ ಕೂತು ಕಲಸುತ್ತಾ ಕಲಸುತ್ತಾ ಅವರು ನನ್ನ ಮುಖ ನೋಡಿದರು.

“ಮೇಡಂ, ಇದು ಬಹಳ ಮೆತ್ತಗಿದೆ ಕಣ್ರೀ. ಚೀಟಿ ಇನ್ನೊಂದ್ಸಲ ನೋಡ್ತೀರಾ?”

ನಾನು ಚೀಟಿ ನೋಡಿದೆ. ಮೈದಾ ಎರಡು ಕಿಲೋ ನೂರ ಇಪ್ಪತ್ತೈದು ಗ್ರಾಂ. ದುಂಡನೆಯ ಅಕ್ಷರ. “ಲೆಕ್ಕ ಸರಿಯಾಗಿದೆ” ಎಂದೆ, ಇಪ್ಪತ್ತು ವರ್ಷದ ಗತ್ತಿನಲ್ಲಿ. “ಮನೆ ಬೆಣ್ಣೆ ಅಲ್ವಾ, ಫ್ರಿಜ್‌ನಲ್ಲಿಟ್ರೆ ಗಟ್ಟಿಯಾಗುತ್ತೆ.”

ಟೀಚರ್ ತಲೆಯಾಡಿಸಿದರು. ಲೆಕ್ಕದ ಟೀಚರು ಹೇಳಿದ ಮೇಲೆ ಮುಗಿಯಿತು.

ಮಾರನೇ ದಿನ ಬೆಳಗ್ಗೆ ಏಳಕ್ಕೆ ಕರೆಂಟು ಹೋಯಿತು. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿಬಿಟ್ಟಿದ್ದರು. ಸಂಜೆಯವರೆಗೂ ಬರುವುದಿಲ್ಲ ಎಂಬ ಸುದ್ದಿ ಬಂತು. ಜನರೇಟರು ಲಿಫ್ಟಿಗೂ ಮನೆಗೊಂದು ದೀಪಕ್ಕೂ ಸಾಕಾಗುತ್ತಿತ್ತು, ಟೀಚರ ಒವೆನ್ನಿಗೆ ಅಲ್ಲ. ಫ್ರಿಜ್ಜಿನ ತಂಪು ಹೋಗುವ ಮೊದಲೇ ಕತ್ತರಿಸಿಟ್ಟುಕೊಳ್ಳೋಣ ಎಂದು ನಾವೆಲ್ಲ ಹಿಟ್ಟು ಲಟ್ಟಿಸಿದೆವು. ನಾವೆಂದರೆ ಟೀಚರ್, ಆಪಾ, ನಾನು, ಹಿಂದಿನ ಬ್ಲಾಕಿನ ಐದು ಹೆಂಗಸರು. ನಕ್ಷತ್ರ, ಗಂಟೆ, ಮರ. ತಟ್ಟೆ ಸಾಲದೆ ಯಾರದೋ ಮನೆಯ ಗೌರಿಹಬ್ಬದ ಹರಿವಾಣವೂ ಬಂತು. ಒಟ್ಟು ಹದಿನೈದು ತಟ್ಟೆಗಳಾದವು. ಎಣಿಸಿದರೆ ನಾನೂರ ಐವತ್ತು ಮಾತ್ರ.

“ಆರುನೂರು ಬರಬೇಕಿತ್ತಲ್ಲ?” ಎಂದರು ಟೀಚರ್.

“ದಪ್ಪ ಲಟ್ಟಿಸಿದ್ದೀವೇನೋ” ಎಂದೆ ನಾನು. ಆಗಲೂ ನನಗೆ ಹೊಳೆಯಲಿಲ್ಲ. ಒಂದು ಸಮೀಕರಣದ ಎರಡು ಕಡೆಯೂ ಸಮ ಇಲ್ಲ ಎಂದರೆ ಎಲ್ಲೋ ತಪ್ಪಿದೆ ಎಂದು ಊರ ಮಕ್ಕಳಿಗೆಲ್ಲ ಹೇಳುವವಳು ನಾನು!

ಹತ್ತು ಗಂಟೆಯ ಹೊತ್ತಿಗೆ ನಕ್ಷತ್ರಗಳ ಮೂಲೆಗಳು ಮೆತ್ತಗಾಗತೊಡಗಿದವು. ಟೀಚರ್ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದರು. ಆಗ ಆಪಾ ಬಾಯಿಂದ ಗುಂಡುಪಿನ್ನು ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡರು.

“ಟೀಚರ್, ನಮ್ಮಮ್ಮನ ಕಾಲದಲ್ಲಿ ಒವೆನ್ ಎಲ್ಲಿತ್ತು? ರಂಜಾನ್ ಬಂದ್ರೆ ಮನೇಲಿ ನಾನ್‌ಖಟಾಯಿ ಹಿಟ್ಟು ಮಾಡಿ, ತಟ್ಟೆ ತಲೆ ಮೇಲಿಟ್ಟು ಬೇಕರಿಗೆ ಹೋಗ್ತಿದ್ವಿ. ಅವ್ರು ಭಟ್ಟಿಯಲ್ಲಿ ಸುಟ್ಟು ಕೊಡ್ತಿದ್ರು. ಆ ಬೇಕರಿ ಇನ್ನೂ ಇದೆ, ಆರ್.ಟಿ. ನಗರದಲ್ಲಿ. ಕಟ್ಟಿಗೆ ಭಟ್ಟಿ. ಕರೆಂಟಿಗೂ ಅದಕ್ಕೂ ಸಂಬಂಧಾನೇ ಇಲ್ಲ.”

“ನಮ್ಮದನ್ನೂ ಸುಡ್ತಾರಾ?”

“ಯಾಕೆ ಸುಡಲ್ಲ? ಬೆಂಕಿಗೆ ಏನ್ ಗೊತ್ತಾಗುತ್ತೆ ಯಾವ ಹಬ್ಬ ಅಂತ?”

ಹೀಗೆ ಹೊರಟಿತು ನಮ್ಮ ಮೆರವಣಿಗೆ, ಯಜಮಾನರ ಹಳದಿ ಸ್ಕೂಲ್ ವ್ಯಾನಿನಲ್ಲಿ. ಶಾಲೆಗಳಿಗೆ ರಜ, ವ್ಯಾನ್ ಖಾಲಿ. ಯುಕೆಜಿ ಮಕ್ಕಳಿಗೆಂದು ಮಾಡಿದ ಸೀಟುಗಳಲ್ಲಿ ನಾವು ಎಂಟು ಜನ ದೊಡ್ಡ ಹೆಂಗಸರು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತೆವು. ಒಬ್ಬೊಬ್ಬರ ತೊಡೆಯ ಮೇಲೆ ಎರಡೆರಡು ತಟ್ಟೆ, ನಡುವೆ ಮಡಚಿದ ಟವೆಲ್ಲು. ಕೈ ನೋವಿನ ಟೀಚರಿಗೆ ಮಾತ್ರ ಒಂದೇ, ಆ ಹರಿವಾಣ. ಯಜಮಾನರು ಕನ್ನಡಿಯಲ್ಲಿ ನಮ್ಮನ್ನು ನೋಡಿ, “ಎಲ್ರೂ ಗಟ್ಟಿಯಾಗಿ ಇಡ್ಕಳಿ. ಅಂಪ್ ಬಂದ್ರೆ ಏಳ್ತೀನಿ” ಎಂದರು.

ಏರ್‌ಪೋರ್ಟ್ ರಸ್ತೆಗೆ ಬಂದದ್ದೇ ತಡ, ರಸ್ತೆಯುಬ್ಬು ಸಿಕ್ಕಿದಾಗಲೆಲ್ಲ ಅವರು “ಅಂಪ್!” ಎಂದು ಕೂಗುವುದು, ನಾವೆಲ್ಲ ತಟ್ಟೆಗಳನ್ನು ಗಾಳಿಗೆ ಎತ್ತುವುದು ಶುರುವಾಯಿತು. ಜಕ್ಕೂರು ದಾಟುವಷ್ಟರಲ್ಲಿ ನಾವು ಎಷ್ಟು ಪಳಗಿದ್ದೆವೆಂದರೆ, ಅವರು ಬಾಯಿ ತೆರೆಯುವ ಮೊದಲೇ ತಟ್ಟೆಗಳೆಲ್ಲ ಒಟ್ಟಿಗೆ ಮೇಲೇಳುತ್ತಿದ್ದವು. ಒಮ್ಮೆ ಅವರು ಸುಮ್ಮನೆ ಕೆಮ್ಮಿದರು, ಆಗಲೂ ಎತ್ತಿದೆವು. ಅಲ್ಲಿಂದ ನಗು ಹತ್ತಿಕೊಂಡಿತು. ಟೀಚರ್ ಮಾತ್ರ ನಗಲಿಲ್ಲ. ಅವರು ತಮ್ಮ ತಟ್ಟೆಯ ಒಂದು ನಕ್ಷತ್ರವನ್ನು ಎಡಗೈ ಬೆರಳಿನಿಂದ ಮತ್ತೆ ಮತ್ತೆ ತಿದ್ದುತ್ತಿದ್ದರು.

ಬೇಕರಿ ಇದ್ದದ್ದು ಒಂದು ಗಲ್ಲಿಯ ಕೊನೆಯಲ್ಲಿ. ಮುಂದೆ ಗಾಜಿನ ಕಪಾಟು, ಬನ್ನು, ರಸ್ಕು, ದಿಲ್‌ಪಸಂದು. ಹಿಂದೆ ಕತ್ತಲೆಯ ಉದ್ದನೆ ಕೋಣೆ, ಅದರ ಗೋಡೆಯಲ್ಲಿ ಭಟ್ಟಿಯ ಬಾಯಿ. ಒಳಗೆ ಹೋದರೆ ಡಿಸೆಂಬರಿನ ಚಳಿಯೆಲ್ಲ ಮರೆತುಹೋಗುವಂಥ ಬಿಸಿ. ಭಟ್ಟಿಯ ಮಾಸ್ಟರು ಬನಿಯನ್ನು ತೊಟ್ಟ ಮುದುಕ. ಹುಬ್ಬಿನ ಮೇಲೆಲ್ಲ ಮೈದಾ. ಕೈಯಲ್ಲಿ ಎರಡಾಳುದ್ದದ ಮರದ ಹುಟ್ಟು. ಆಪಾ ದಖನಿ ಉರ್ದುವಿನಲ್ಲಿ ನಮ್ಮ ಕಥೆಯನ್ನೆಲ್ಲ ಹೇಳಿದರು. ಮಾಸ್ಟರು ಕೇಳಿ, ಭಟ್ಟಿಯೊಳಗೆ ಒಂದು ಚಿಟಿಕೆ ಮೈದಾ ಎಸೆದರು. ಅದು ಕಣ್ಣೆದುರೇ ಕಪ್ಪಾಯಿತು.

“ಈಗಷ್ಟೇ ಬನ್ ತೆಗ್ದಿದೀನಿ. ಇದು ಬಿಸ್ಕೆಟ್‌ಗೆ ಜಾಸ್ತಿ. ಅರ್ಧ ಗಂಟೆ ಕೂತ್ಕೊಳ್ಳಿ” ಎಂದರು.

ನಾವು ಮೈದಾ ಮೂಟೆಗಳ ಮೇಲೆ ಕೂತೆವು. ಮಾಸ್ಟರು ಬಂದು ಟೀಚರ ತಟ್ಟೆಯ ಮೇಲೆ ಬಾಗಿ ಒಂದು ನಕ್ಷತ್ರದ ಹೊಟ್ಟೆಗೆ ಹೆಬ್ಬೆರಳು ಒತ್ತಿದರು. ಬೆರಳು ತಟ್ಟೆಯ ತಳ ಮುಟ್ಟಿತು. ಅವರು ಬೆರಳನ್ನು ಮೂಸಿ, ಆಪಾ ಕಡೆ ತಿರುಗಿ, “ಯೇ ಆಟಾ ನೈ, ಪೂರಾ ಮಸ್ಕಾಚ್ ಹೈ” ಎಂದರು.

“ಏನಂತಾರೆ?” ಟೀಚರ್ ಕೇಳಿದರು.

ಆಪಾ ಸ್ವಲ್ಪ ತಡೆದು, “ಹಿಟ್ಟಲ್ಲ, ಬರೀ ಬೆಣ್ಣೆ ಅಂತಾರೆ” ಎಂದರು.

“ನಲವತ್ತು ವರ್ಷದಿಂದ ಇದೇ ಅಳತೆಯಲ್ಲಿ ಮಾಡ್ತಿದ್ದೀನಿ. ನೀವು ಇಡಿ” ಎಂದರು ಟೀಚರ್. ಮಾಸ್ಟರು ಭುಜ ಹಾರಿಸಿದರು. ಭಟ್ಟಿ ಹದಕ್ಕೆ ಬಂದಾಗ ಮೊದಲ ಆರು ತಟ್ಟೆಗಳನ್ನು ಹುಟ್ಟಿನ ಮೇಲಿಟ್ಟು ಒಂದೊಂದಾಗಿ ಒಳಗೆ ತಳ್ಳಿದರು.

ನಾವೆಲ್ಲ ಭಟ್ಟಿಯ ಬಾಯಿಗೆ ಮುತ್ತಿಕೊಂಡೆವು. ಒಂದು ನಿಮಿಷ ಎಲ್ಲ ಚೆನ್ನಾಗಿತ್ತು. ಆಮೇಲೆ ನಕ್ಷತ್ರಗಳು ನಿಧಾನವಾಗಿ ದಪ್ಪಗಾದವು. ಗಂಟೆಯೊಂದು ಪಕ್ಕದ ಮರಕ್ಕೆ ಒರಗಿತು. ಮರಗಳು ಕೈ ಚಾಚಿ ಒಂದನ್ನೊಂದು ಹಿಡಿದುಕೊಂಡವು. ಇನ್ನೂ ಎರಡು ನಿಮಿಷಕ್ಕೆ ನಕ್ಷತ್ರವೂ ಇಲ್ಲ, ಗಂಟೆಯೂ ಇಲ್ಲ. ತಟ್ಟೆ ತುಂಬ ಗುಳ್ಳೆ ಗುಳ್ಳೆಯಾಗಿ ಕುದಿಯುವ ಒಂದೇ ಹಾಳೆ. ಅದರಿಂದ ಎದ್ದ ಪರಿಮಳವನ್ನು ಏನು ಹೇಳಲಿ! ಕಣ್ಣು ಮುಚ್ಚಿದರೆ ಸ್ವರ್ಗ, ತೆರೆದರೆ ಸರ್ವನಾಶ.

ಮಾಸ್ಟರು ತಟ್ಟೆಗಳನ್ನು ಹೊರಗೆಳೆದು ಮೇಜಿನ ಮೇಲಿಟ್ಟರು. ಚಿನ್ನದ ಬಣ್ಣದ ಆರು ಹಾಳೆಗಳು. ಕೊನೆಗೆ ಹಿಂದಿನ ಬ್ಲಾಕಿನ ಒಬ್ಬರು ಮೆಲ್ಲಗೆ, “ಮನೆ ಬೆಣ್ಣೆಯಲ್ಲಿ ನೀರು ಜಾಸ್ತಿ ಇರುತ್ತಂತೆ” ಎಂದರು. ಇನ್ನೊಬ್ಬರು, “ಹೌದು, ಅಂಗಡೀದೇ ತರಬೇಕಿತ್ತು” ಎಂದರು.

ಬಾಗಿಲಲ್ಲಿ ಯಜಮಾನರು ನಿಂತಿದ್ದರು. ಅವರಿಗೆ ಕೇಳಿಸಿತು.

“ನಮ್ ಬೆಣ್ಣೆಯಿಂದ ಇಂಗಾಯ್ತಾ?” ಎಂದರು. ತಲೆಯ ಮೇಲಿನ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ನಮ್ಮೋಳು ಮೂರ್ ಸಲ ತೊಳ್ದು ಕೊಟ್ಟವ್ಳೆ. ನೀರು ಬಿಟ್ಟಿರಾಕಿಲ್ಲ. ನಂಗ್ ಗೊತ್ತಾಗ್ತಾ ಇಲ್ಲ...”

ಟೀಚರ ಕಣ್ಣು ಆ ಹಾಳೆಗಳ ಮೇಲೇ ಇತ್ತು. ಆಗ ಮಾಸ್ಟರು ಕನ್ನಡದಲ್ಲೇ, ಯಾರನ್ನೂ ಉದ್ದೇಶಿಸದೆ, ಕೇಳಿದರು: “ಬೆಣ್ಣೆ ಒಳ್ಳೇದೇ ಇದೆ. ಮೈದಾ ಎಲ್ಲಿ?”

ಮೈದಾ ಎಲ್ಲಿ! ಪರ್ಸು ತೆರೆದೆ. ಕಚ್ಚಾ ಹಾಳೆ ಅಲ್ಲೇ ನಾಲ್ಕು ಮಡಿಕೆಯಾಗಿ ಇತ್ತು. ಬಿಡಿಸಿದೆ. ಎಡಗಡೆ ಮುನ್ನೂರರ ಸಾಲು, ಬಲಗಡೆ ಆರುನೂರರ ಸಾಲು. ಆರುನೂರಕ್ಕೆ ಬೇಕಾದ ಮೈದಾ ನಾಲ್ಕೂಕಾಲು ಕಿಲೋ. ಶುದ್ಧಪ್ರತಿ ಬರೆಯುವಾಗ ಬೆಣ್ಣೆಯನ್ನೂ ಸಕ್ಕರೆಯನ್ನೂ ಬಲಗಡೆಯಿಂದ ಎತ್ತಿಕೊಂಡಿದ್ದೆ, ಮೈದಾವನ್ನು ಎಡಗಡೆಯಿಂದ. ಎರಡು ಕಿಲೋಗೂ ಮೀರಿದಷ್ಟು ಮೈದಾ ನನ್ನ ದುಂಡನೆಯ ಅಕ್ಷರಗಳ ನಡುವೆ ಬಿದ್ದುಹೋಗಿತ್ತು. ನಾನೂರ ಐವತ್ತು ಬಿಸ್ಕತ್ತಿನ ಗುಟ್ಟೂ ಅದೇ.

ಸುಮ್ಮನಿದ್ದುಬಿಡಬಹುದಿತ್ತು. ಒಂದು ಕ್ಷಣ ಹಾಗೆ ಅನ್ನಿಸಿತು, ಸುಳ್ಳು ಹೇಳಲಾರೆ. ಹಾಳೆಯನ್ನು ಭಟ್ಟಿಗೆ ಎಸೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಯಜಮಾನರು ಟವೆಲ್ಲು ಹಿಂಡುತ್ತಾ ನಿಂತಿದ್ದರು. ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದರೆಂದು ಅವರ ಮುಖದಲ್ಲಿ ಬರೆದಿತ್ತು.

“ಬೆಣ್ಣೆ ಅಲ್ಲ. ನಾನು” ಎಂದೆ.

ಎಲ್ಲರೂ ತಿರುಗಿದರು. ಮುಂದೆ ಹೇಳಬೇಕೆಂದು ಬಾಯಿ ತೆರೆದರೆ ಮಾತಿನ ಬದಲು ನಗು ಬಂತು. ಹೆದರಿಕೆಗೆ ಬರುವ ನಗು ಅದು. ಒಂಬತ್ತನೇ ಕ್ಲಾಸಿನಲ್ಲಿ ಪ್ರಾರ್ಥನೆಯ ಹೊತ್ತಿಗೆ ಒಮ್ಮೆ ಬಂದಿತ್ತು, ಆಮೇಲೆ ಇವತ್ತೇ. ತಡೆದಷ್ಟೂ ಜೋರಾಯಿತು. ಹಾಳೆಯನ್ನು ಟೀಚರ ಕೈಗೆ ಕೊಟ್ಟು, “ಮೈದಾ... ಮುನ್ನೂರರ ಸಾಲಿನದು... ಬೆಣ್ಣೆ ಆರುನೂರರದು...” ಎಂದು ಬಿಕ್ಕುತ್ತಾ ಮೂಟೆಯ ಮೇಲೆ ಕುಸಿದೆ.

ಟೀಚರ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಹಾಳೆಯನ್ನು ಓದಿದರು. ಎರಡು ಸಲ ಓದಿದರು. ಭಟ್ಟಿಯೊಳಗೆ ಒಂದು ಕಟ್ಟಿಗೆ ಚಟ್ ಅಂದದ್ದು ಕೇಳಿಸಿತು.

“ನನ್ನ ಸರ್ವೀಸಿನಲ್ಲಿ” ಎಂದರು ನಿಧಾನವಾಗಿ, “ಗಣಿತದಲ್ಲಿ ಎಷ್ಟೋ ಮಕ್ಕಳನ್ನ ಫೇಲ್ ಮಾಡಿದ್ದೀನಿ. ಗಣಿತದ ಮೇಷ್ಟ್ರನ್ನೇ ಫೇಲ್ ಮಾಡೋ ಭಾಗ್ಯ ಇವತ್ತು ಬಂತು.”

ಹಾಗೆಂದವರ ಗಲ್ಲ ನಡುಗಿತು. ಸಿಟ್ಟೆಂದುಕೊಂಡೆ. ಸಿಟ್ಟಲ್ಲ. ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ಹೆಡ್‌ಮಿಸ್ಟ್ರೆಸ್ ನಗತೊಡಗಿದರು, ಸದ್ದೇ ಇಲ್ಲದೆ, ಹೆಗಲು ಕುಣಿಸುತ್ತಾ. ಆಪಾ ತಡೆಯಲಾರದೆ ಗೋಡೆಗೆ ಒರಗಿದರು. ಹಿಂದಿನ ಬ್ಲಾಕಿನವರು ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದರು. ಮಾಸ್ಟರು ನಮ್ಮನ್ನೆಲ್ಲ ಸರದಿಯಾಗಿ ನೋಡಿ, “ಇವರಿಗೆ ಏನಾಯ್ತು?” ಎಂದು ಯಜಮಾನರನ್ನು ಕೇಳಿದರು. ಯಜಮಾನರು ಟವೆಲ್ಲನ್ನು ಕೊಡವಿ ಮತ್ತೆ ತಲೆಗೆ ಸುತ್ತಿಕೊಂಡು, ಮುಖವೆಲ್ಲ ಹಲ್ಲಾಗಿ, “ನಮ್ ಬೆಣ್ಣೆದೇನೂ ತಪ್ಪಿಲ್ವಂತೆ!” ಎಂದರು. ಅದೊಂದೇ ಅವರಿಗೆ ಬೇಕಾಗಿದ್ದ ಸುದ್ದಿ.

ನಮ್ಮ ನಗುವಿನ ನಡುವೆ ಮಾಸ್ಟರು ಸುಮ್ಮನಿರಲಿಲ್ಲ. ಹಾಳೆಗಳು ಬಿಸಿಯಿರುವಾಗಲೇ ಉದ್ದನೆ ಚಾಕು ತೆಗೆದುಕೊಂಡು ಸರಸರನೆ ಓರೆಗೆರೆ ಎಳೆದರು, ಅದರ ಮೇಲೆ ಅಡ್ಡಗೆರೆ ಎಳೆದರು. ನಮ್ಮ ಮನೆಗಳಲ್ಲಿ ಕೊಬ್ಬರಿ ಮಿಠಾಯಿ ಕತ್ತರಿಸುವ ಹಾಗೇ. ಒಂದು ತುಂಡನ್ನು ಎತ್ತಿ ಟೀಚರಿಗೆ ಕೊಟ್ಟರು. ಟೀಚರ್ ಕಚ್ಚಿದರು. ಗರಿಗರಿಯಾಗಿ ಮುರಿದು, ಮುರಿದದ್ದೇ ತಡ, ಬಾಯಲ್ಲಿ ಕರಗಿಹೋಯಿತು. ಅವರು ಇನ್ನೊಂದಕ್ಕೆ ಕೈ ಚಾಚಿದರು. ತೀರ್ಪು ಅಷ್ಟೇ.

ಇನ್ನೂ ಒಂಬತ್ತು ತಟ್ಟೆಗಳಿದ್ದವು. “ಎದ್ದೇಳಿ ಮೇಡಂ” ಎಂದರು ಟೀಚರ್. “ಈಗ ಇದಕ್ಕೆ ಎಷ್ಟು ಮೈದಾ ಬೇಕು, ಹೇಳಿ.”

ಮೇಜಿನ ಮೇಲೆ ಹರಡಿದ್ದ ಮೈದಾದಲ್ಲಿ ಬೆರಳಿನಿಂದ ಬರೆದು ಲೆಕ್ಕ ಮಾಡಿದೆ. ಹದಿನೈದರಲ್ಲಿ ಒಂಬತ್ತು, ಅಂದರೆ ಐದರಲ್ಲಿ ಮೂರು. ಕಡಿಮೆ ಬಿದ್ದದ್ದರಲ್ಲಿ ಅಷ್ಟು ಭಾಗ. “ಒಂದೂಕಾಲು ಕಿಲೋ” ಎಂದೆ. ನನ್ನ ಬದುಕಿನಲ್ಲಿ ಯಾವ ಉತ್ತರವನ್ನೂ ಅಷ್ಟು ಜನ ಅಷ್ಟು ಅನುಮಾನದಿಂದ ನೋಡಿರಲಿಲ್ಲ. ಹಿಂದಿನ ಬ್ಲಾಕಿನ ಮೂವರು ಮೊಬೈಲು ತೆಗೆದು ಬೇರೆ ಬೇರೆಯಾಗಿ ಗುಣಿಸಿ ನೋಡಿದರು. ಸರಿಯಿತ್ತು.

ಮಾಸ್ಟರು ತಮ್ಮ ಮೂಟೆಯಿಂದ ಮೈದಾ ತೂಗಿ ಹಾಕಿದರು. ಆಪಾ ತೋಳು ಮಡಚಿ ನಕ್ಷತ್ರ, ಗಂಟೆಗಳನ್ನೆಲ್ಲ ಒಟ್ಟಿಗೆ ಸೇರಿಸಿ ಮತ್ತೆ ಕಲಸಿದರು. ಅಚ್ಚುಗಳು ಅಲ್ಲಾಳಸಂದ್ರದಲ್ಲಿ ಉಳಿದಿದ್ದವು. “ಅಚ್ಚು ನಕ್ಕೊ, ಬೇಡವೇ ಬೇಡ. ನಾನ್‌ಖಟಾಯಿ ಥರ ಮಾಡೋಣ” ಎಂದು ಆಪಾ ತೋರಿಸಿಕೊಟ್ಟರು: ನಿಂಬೆಗಾತ್ರದ ಉಂಡೆ, ಅಂಗೈಯಲ್ಲಿ ಒಮ್ಮೆ ಒತ್ತು, ನಡುವೆ ಹೆಬ್ಬೆರಳಿನ ಗುಳಿ. ಎಂಟು ಜನ ಮೇಜಿನ ಸುತ್ತ ನಿಂತು ಉಂಡೆ ಕಟ್ಟಿದೆವು. ಟೀಚರ್ ಎಡಗೈಯಲ್ಲಿ ಗುಳಿ ಒತ್ತುವ ಕೆಲಸ ವಹಿಸಿಕೊಂಡರು. ಪ್ರತಿ ಉಂಡೆಗೂ ಒತ್ತುವಾಗ ನನ್ನ ಕಡೆ ನೋಡಿ, “ಮೈದಾ ಎಲ್ಲಿ?” ಅನ್ನುತ್ತಿದ್ದರು. ಪ್ರತಿ ಸಲವೂ ನಾವೆಲ್ಲ ಹೊಸದಾಗಿ ನಗುತ್ತಿದ್ದೆವು. ಅಷ್ಟು ಸಣ್ಣ ಮಾತಿಗೆ ಅಷ್ಟು ಹೊತ್ತು ಹೇಗೆ ನಕ್ಕೆವೋ ಈಗ ಹೇಳಿದರೆ ಯಾರೂ ನಂಬುವುದಿಲ್ಲ. ನನಗಂತೂ ಪಕ್ಕೆ ನೋವು ಎರಡು ದಿನ ಇತ್ತು.

ದುಂಡನೆಯವು ಚೆನ್ನಾಗಿ ಬೆಂದವು. ಒಂದೂ ಹರಡಲಿಲ್ಲ. ಮಾಸ್ಟರು ಏನೂ ತೆಗೆದುಕೊಳ್ಳಲು ಒಪ್ಪದೆ, ಕೊನೆಗೆ ನಮ್ಮ ಕರಗಿದ ಬಿಸ್ಕತ್ತಿನ ಒಂದು ಇಡೀ ತಟ್ಟೆಯ ತುಂಡುಗಳನ್ನು ತಮ್ಮ ಮನೆಗೆಂದು ಇಟ್ಟುಕೊಂಡರು. “ಮುಂದಿನ ಸಲ ಬರುವಾಗ ಲೆಕ್ಕದ ಮೇಡಮ್ಮನ್ನ ಕರ್ಕೊಂಡು ಬನ್ನಿ, ಲೆಕ್ಕ ಬೇಡ” ಎಂದರು.

ವಾಪಸು ಬರುವಾಗ ಹೆಬ್ಬಾಳದ ಫ್ಲೈಓವರಿನ ಹತ್ತಿರ ಗಾಡಿ ನಿಂತಿತು. ಅಲ್ಲಿ ನಿಂತರೆ ನಿಂತಂತೆಯೇ. ಹಿಂದೆ ಮುಂದೆ ಬಸ್ಸು, ಕಾರು, ಆಟೋ. ತೊಡೆಯ ಮೇಲೆ ಬಿಸಿ ಬಿಸಿ ತಟ್ಟೆಗಳು, ವ್ಯಾನಿನ ತುಂಬ ಬೆಣ್ಣೆಯ ವಾಸನೆ. ಪಕ್ಕದಲ್ಲಿ ಬೈಕಿನ ಮೇಲಿದ್ದವನೊಬ್ಬ ಹೆಲ್ಮೆಟ್ಟಿನ ಗಾಜು ಎತ್ತಿ ಮೂಗರಳಿಸಿ ಅತ್ತಿತ್ತ ನೋಡಿದ.

“ಏನ್ ಆಂಟಿ, ಏನ್ ಸಮಾಚಾರ? ಒಳಗೆ ಬೇಕರಿ ಇಟ್ಟಿದೀರಾ?”

“ಬೇಕಾ?” ಎಂದರು ಟೀಚರ್.

ಸ್ಕೂಲ್ ವ್ಯಾನಿನ ಕಿಟಕಿಗೆ ಮಕ್ಕಳು ಕೈ ಹೊರಗೆ ಹಾಕದಂತೆ ಕಬ್ಬಿಣದ ಸರಳುಗಳು. ದುಂಡನೆಯ ದಪ್ಪ ಬಿಸ್ಕತ್ತು ಅವುಗಳ ನಡುವೆ ತೂರಲಿಲ್ಲ. ಕರಗಿ ತೆಳ್ಳಗಾದ ಓರೆ ತುಂಡುಗಳು ಮಾತ್ರ ಅಂಚಿನ ಮೇಲೆ ನಿಲ್ಲಿಸಿದರೆ ಸಲೀಸಾಗಿ ಹೊರಗೆ ಹೋಗುತ್ತಿದ್ದವು. ಬೈಕಿನವನಿಗೆ ಒಂದು. ಅವನ ಹಿಂದಿನವನಿಗೆ ಒಂದು. ಆಟೋದವರು ಕೈ ಚಾಚಿದರು. ಆ ಕಡೆ ಬಸ್ಸಿನ ಕಿಟಕಿಯಿಂದ ಕಾಲೇಜು ಹುಡುಗಿಯರು, “ಆಂಟಿ, ನಮಗೆ? ಆಂಟಿ!” ಎಂದು ಕೂಗಿದರು. ಆಪಾ ಎದ್ದು ನಿಂತು, ವ್ಯಾನಿನ ಬಾಗಿಲು ಅರ್ಧ ಸರಿಸಿ, ತೋಳು ಉದ್ದಕ್ಕೆ ಹೊರಚಾಚಿ, ಬಸ್ಸಿನ ಕಿಟಕಿಗೆ ಬಿಸ್ಕತ್ತು ಮುಟ್ಟಿಸಿದರು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಬೈಕಿನವನು ಬಾಯಿ ತುಂಬಿಕೊಂಡೇ, “ಸೂಪರ್ ಗುರು! ಏನ್ ಆಂಟಿ ಇದರ ಹೆಸರು?” ಎಂದು ಕೇಳಿದ.

“ಬಿಸ್ಕತ್ತು!” ಎಂದು ನಾವೆಲ್ಲ ಒಟ್ಟಿಗೆ ಕಿರುಚಿದೆವು. ಟೀಚರ ಧ್ವನಿ ಎಲ್ಲರಿಗಿಂತ ಮೇಲಿತ್ತು.

ಟ್ರಾಫಿಕ್ ಬಿಟ್ಟಾಗ ನಮಗೆಲ್ಲ ಬೇಜಾರೇ ಆಯಿತು.

ಮನೆ ಮುಟ್ಟಿದಾಗ ಮೂರು ಗಂಟೆ. ಅಂಗಳದಲ್ಲಿ ಬೆಂಚು ಹಾಕಿ ಪೊಟ್ಟಣ ಕಟ್ಟಲು ಕೂತೆವು. ಎಣಿಸುವ ಕೆಲಸವನ್ನು ನನಗೆ ಯಾರೂ ಕೊಡಲಿಲ್ಲ. ದಾರಿಯಲ್ಲಿ ಅಷ್ಟು ಹಂಚಿದ ಮೇಲೂ ಮನೆಗೆ ಐದೈದು ದುಂಡನೆಯವು, ಎರಡೆರಡು ಓರೆಯವು ಬಂದವು. ಯಜಮಾನರ ಹೆಂಡತಿ ಹಸುವಿನ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ಓರೆ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. “ಬೆಣ್ಣೆ ಕಾಣ್ತೈತೆ” ಎಂದರು. ಯಜಮಾನರು ಅತ್ತ ತಿರುಗಿಕೊಂಡು ನಕ್ಕರು. ನಕ್ಷತ್ರ ಎಲ್ಲಿ ಎಂದು ಜಗಳ ತೆಗೆದ ಪುಟ್ಟ ಹುಡುಗಿಯೊಬ್ಬಳಿಗೆ ಆರು ಓರೆ ತುಂಡುಗಳನ್ನು ತುದಿಗೆ ತುದಿ ಜೋಡಿಸಿ ದೊಡ್ಡ ನಕ್ಷತ್ರ ಮಾಡಿ ತೋರಿಸಿದೆ. ಅವಳು ನೋಡಿದಳು, ಒಪ್ಪಿದಳು, ಆರನ್ನೂ ತಿಂದಳು.

ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ನನ್ನ ಮನೆಯ ಕರೆಗಂಟೆ ಸದ್ದಾಯಿತು. ಟ್ಯೂಷನ್ ಮಕ್ಕಳು ಆ ಹೊತ್ತಿಗೆ ಬರುವವರಲ್ಲ. ತೆರೆದರೆ ಟೀಚರ್, ಆಪಾ, ಹಿಂದಿನ ಬ್ಲಾಕಿನ ಐವರೂ. ಒಬ್ಬರ ಕೈಯಲ್ಲಿ ಹಿಟ್ಟಿನ ಪಾತ್ರೆ, ಒಬ್ಬರ ಕೈಯಲ್ಲಿ ಎಣ್ಣೆ ಡಬ್ಬ, ಟೀಚರ ಎಡಗೈಯಲ್ಲಿ ಒಂದು ಹಿಡಿ ಫೋರ್ಕು.

“ಇವತ್ತು ಕುಲ್‌ಕುಲ್” ಎಂದರು ಟೀಚರ್. “ಫೋರ್ಕಿನ ಬೆನ್ನ ಮೇಲೆ ಹಿಟ್ಟು ಒತ್ತಿ ಸುತ್ತೋದು, ಎಣ್ಣೆಯಲ್ಲಿ ಕರಿಯೋದು. ನಿಮ್ಮ ಮೇಜೇ ದೊಡ್ಡದು ಅಂತ ಮಕ್ಕಳು ಹೇಳಿದ್ರು. ಅಳತೆ ಎಲ್ಲ ನಾನೇ ಮುಗಿಸ್ಕೊಂಡು ಬಂದಿದ್ದೀನಿ, ಹೆದರ್ಬೇಡಿ.”

ಚಪ್ಪಲಿಗಳನ್ನು ಬಾಗಿಲಲ್ಲಿ ಬಿಟ್ಟು ಒಬ್ಬೊಬ್ಬರಾಗಿ ಒಳಗೆ ಬಂದರು. ನಾನು ಮೇಜಿನ ಮೇಲಿದ್ದ ನೋಟ್‌ಬುಕ್ಕುಗಳನ್ನೆಲ್ಲ ಬಾಚಿ ಮಂಚದ ಮೇಲೆ ಹಾಕಿದೆ. ನಾನು ಸುತ್ತಿದ ಕುಲ್‌ಕುಲ್‌ಗಳಲ್ಲಿ ಒಂದೂ ಶಂಖದ ಆಕಾರಕ್ಕೆ ಬರಲಿಲ್ಲ. ಆಪಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, “ಇದು ಕಿವಿ ಥರ ಇದೆ ಕಣ್ರೀ” ಎಂದರು. ಆಮೇಲೆ ಎಲ್ಲರೂ ಬೇಕೆಂದೇ ಕಿವಿಗಳನ್ನು ಸುತ್ತತೊಡಗಿದರು.